ನೀರು ತಿರುಗಿದ ದಿನ

ಮೂರು ವರ್ಷದ ಹಿಂದಿನ ಮಾತು. ಎಳ್ಳಮಾವಾಸ್ಯೆಗೆ ಇನ್ನು ಐದು ದಿನ ಇತ್ತು. ಅವತ್ತು ಬೆಳಿಗ್ಗೆ ಹತ್ತಿಕುಣಿ ಜಲಾಶಯದ ತಳದಲ್ಲಿ, ಮೂರಾಳು ನೀರಿನ ಕೆಳಗೆ, ನಾನು ಒಂದು ಮೀನಿನ ಬಲೆಯಲ್ಲಿ ಸಿಕ್ಕಿಬಿದ್ದೆ. ಎಷ್ಟು ಹೊತ್ತು ಅಂತ ಆಮೇಲೆ ಲೆಕ್ಕ ಹಾಕಿದರೆ ಹತ್ತು ನಿಮಿಷವೂ ಆಗಿರಲಿಲ್ಲ. ಈಗಲೂ ಸೀರೆಯ ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿದರೆ ನನ್ನ ಮೈಯೆಲ್ಲ ಒಮ್ಮೆ ಗಡ್ಡೆ ಕಟ್ಟಿದ ಹಾಗೆ ಆಗುತ್ತದೆ.

ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಬಯಲುಸೀಮೆಯ ಲೆಕ್ಚರರ್ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಇಳಿಯುತ್ತಾಳೆ ಅಂದರೆ ನಂಬುವುದು ಕಷ್ಟ. ಅದಕ್ಕೆ ಕಾರಣ ಒಂದು ಪ್ರವಾಸ. ಒಂದು ವರ್ಷ ಡಿಸೆಂಬರ್ ರಜೆಯಲ್ಲಿ ಕಾಲೇಜಿನ ನಾಲ್ಕೈದು ಜನ ಮುರ್ಡೇಶ್ವರಕ್ಕೆ ಹೋಗಿದ್ದೆವು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ನಡುಗಡ್ಡೆಗೆ ಕರೆದುಕೊಂಡು ಹೋಗಿ ಸ್ಕೂಬಾ ಡೈವಿಂಗ್ ಮಾಡಿಸುತ್ತಾರೆ. ಉಳಿದವರೆಲ್ಲ ದೋಣಿಯಲ್ಲೇ ಕುಳಿತು ವಾಂತಿ ಮಾಡಿಕೊಂಡರು. ನಾನು ಇಳಿದೆ. ನೀರೊಳಗೆ ಗಿಳಿಮೀನುಗಳು ಹವಳದ ಬಂಡೆಯನ್ನು ಕಟಕಟ ಕಡಿಯುವ ಸದ್ದು ಕಿವಿಗೆ ಕೇಳಿಸಿತು. ಹದಿನೈದು ವರ್ಷ ಫಾರ್ಮಲಿನ್ ಬಾಟಲಿಯೊಳಗಿನ ಮೀನು ತೋರಿಸಿ ಪಾಠ ಮಾಡಿದ್ದ ನನಗೆ, ಮೀನು ಊಟ ಮಾಡುವ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು. ಮಾಸ್ಕ್ ಒಳಗೆ ಕಣ್ಣು ಒರೆಸಿಕೊಳ್ಳಲು ಆಗುವುದಿಲ್ಲ ಅಂತ ಆಗಲೇ ಗೊತ್ತಾಗಿದ್ದು.

ಊರಿಗೆ ಬಂದ ಮೇಲೂ ಆ ಹುಚ್ಚು ಬಿಡಲಿಲ್ಲ. ಸುರಪುರದ ರಂಗಂಪೇಟೆಯಲ್ಲಿ ಒಬ್ಬರು ಬಾವಿಗೆ ಬಿದ್ದ ಮೋಟಾರುಗಳನ್ನು ಮುಳುಗಿ ಎತ್ತಿ ಕೊಡುತ್ತಾರೆ, ಮೊದಲು ನೌಕಾಪಡೆಯಲ್ಲಿದ್ದರಂತೆ ಎಂದು ಯಾರೋ ಹೇಳಿದರು. ಹುಡುಕಿಕೊಂಡು ಹೋದೆ. ಅವರೇ ಖಾಜಾ ಭಾಯಿ. ಹದಿನೈದು ವರ್ಷ ಸಮುದ್ರದಲ್ಲಿ ಮುಳುಗುವ ಕೆಲಸ ಮಾಡಿ, ನಿವೃತ್ತಿಯಾಗಿ ಊರಿಗೆ ಬಂದವರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೆಯ ಸಿಲಿಂಡರ್‌ಗಳು, ಗಾಳಿ ತುಂಬುವ ಒಂದು ಯಂತ್ರ, ರಬ್ಬರಿನ ಬಟ್ಟೆಗಳು. ನಾನು ಕಲಿಯಬೇಕು ಅಂದೆ. ಅವರು ಮೊದಲು ಈಜು ಬರುತ್ತದಾ ಅಂತ ಕೇಳಿದರು. ಅಪ್ಪ ಕೆಂಭಾವಿಯಲ್ಲಿ ಮೇಷ್ಟರಾಗಿದ್ದಾಗ ಬಾವಿಯಲ್ಲಿ ಕಲಿತಿದ್ದೇನೆ ಅಂದೆ. ಸರಿ ಅಂದರು.

ಆರು ತಿಂಗಳು ಅವರು ನನಗೆ ಕಲಿಸಿದರು. ಪಾಠಕ್ಕಿಂತ ಹೆಚ್ಚು ಸಮುದ್ರದ ಮಾತು. ಮಳೆಗಾಲ ಮುಗಿದ ಹೊಸದರಲ್ಲಿ ಕಡಲಿನ ತಳದಲ್ಲಿ ಕೆಸರಿನ ಮೋಡ ಇರುತ್ತದಂತೆ. ಡಿಸೆಂಬರ್, ಜನವರಿಗೆ ನೀರು ಎಷ್ಟು ತಿಳಿಯಾಗುತ್ತದೆ ಅಂದರೆ ತಳದ ಮರಳಿನ ಮೇಲೆ ದೋಣಿಯ ನೆರಳು ಕಾಣುತ್ತದಂತೆ. ಬೇಸಿಗೆ ಬಂದ ಹಾಗೆ ನೀರು ಹಸಿರಾಗಿ ಮಬ್ಬಾಗುತ್ತದೆ, ಆದರೆ ಆ ಮಬ್ಬೇ ಮೀನಿಗೆ ಊಟ, ಅದನ್ನು ಹುಡುಕಿಕೊಂಡು ದೊಡ್ಡ ದೊಡ್ಡ ಮೀನು ದಂಡೆಯ ಹತ್ತಿರ ಬರುತ್ತವೆ. ಜೂನ್ ಬಂತೆಂದರೆ ದೋಣಿಗಳನ್ನೆಲ್ಲ ದಡಕ್ಕೆ ಎಳೆದು ಕಟ್ಟುತ್ತಾರೆ. ನಮ್ಮ ಕೆರೆ, ಜಲಾಶಯಗಳಿಗೂ ಹೀಗೇ ಋತುಗಳು ಇರುತ್ತವೆಯೇ ಅಂತ ನಾನು ಕೇಳಿದೆ. ಅವರು ನಕ್ಕು, ಅದನ್ನ ನೀವಽ ನೋಡಿ ಬರೀರಿ ಮೇಡಂ, ಯಾರೂ ಬರ್ದಿಲ್ಲ ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಕೇಳಬೇಕಾದವರನ್ನು ಕೇಳಿ, ಕಾಗದ ಮಾಡಿಸಿಕೊಂಡು, ಒಂದು ವರ್ಷ ಹತ್ತಿಕುಣಿಯ ನೀರಿಗೆ ಇಳಿದೆವು. ಪ್ರತಿ ತಿಂಗಳು ಒಂದು ಭಾನುವಾರ. ಜುಲೈ, ಆಗಸ್ಟ್‌ನಲ್ಲಿ ಹೊಸ ನೀರು ಇಟ್ಟಂಗಿ ಬಣ್ಣದ್ದು, ಚಾಚಿದ ಕೈಯೇ ಕಾಣದು. ಅಕ್ಟೋಬರ್ ಹೊತ್ತಿಗೆ ಕೆಸರು ಕುಳಿತು ಎರಡು ಮಾರು ದೂರದವರೆಗೆ ಕಾಣುತ್ತಿತ್ತು. ನೀರಿನ ಹುಲ್ಲು ಎದೆಮಟ್ಟ ಬೆಳೆದು ಜೋಳದ ಹೊಲದ ಹಾಗೆ ತೂಗುತ್ತಿತ್ತು. ಅದರ ಸಂದಿಯಲ್ಲಿ ಗಾಜಿನ ಹಾಗೆ ಪಾರದರ್ಶಕವಾದ ಸಣ್ಣ ಮೀನು, ಅವುಗಳ ಮುಳ್ಳು ಕೂಡ ಕಾಣುವಂಥವು. ತಳದ ಕೊರಡುಗಳಲ್ಲಿ ಬಾಳೆಮೀನು. ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ನೀರು ಸ್ನಾನಕ್ಕೆ ಕಾಯಿಸಿದ ಹಾಗೆ ಬೆಚ್ಚಗೆ, ಎರಡಾಳು ಕೆಳಗಿಳಿದರೆ ಒಮ್ಮೆಲೇ ತಣ್ಣಗೆ. ಆ ತಣ್ಣನೆ ಪದರದಲ್ಲಿ ಒಂದು ಮೀನೂ ಇರುತ್ತಿರಲಿಲ್ಲ. ಎಲ್ಲವನ್ನೂ ಬರೆದುಕೊಂಡೆ. ಫೋಟೋ ತೆಗೆದೆ. ಡಿಸೆಂಬರ್ ಒಂದು ಬಾಕಿ ಇತ್ತು. ಜನವರಿಯಲ್ಲಿ ಕಾಲೇಜಿನಲ್ಲಿ ವಸ್ತುಪ್ರದರ್ಶನ. ಪ್ರಾಂಶುಪಾಲರು ನನ್ನ ಚಿತ್ರಗಳಿಗೆ ಒಂದಿಡೀ ಗೋಡೆ ಬಿಟ್ಟುಕೊಟ್ಟಿದ್ದರು. ಹನ್ನೊಂದು ತಿಂಗಳ ಚಿತ್ರ ಹಚ್ಚಿ ಹನ್ನೆರಡನೆಯದನ್ನು ಖಾಲಿ ಬಿಡಲು ನನಗೆ ಮನಸ್ಸಿರಲಿಲ್ಲ.

ಅವತ್ತು ಮೂರು ದಿನದಿಂದ ಮೋಡ ಮುಸುಕಿತ್ತು. ನಮ್ಮ ಕಡೆ ಆ ದಿನಗಳಲ್ಲಿ ಇರದಂಥ ಚಳಿಗಾಳಿ. ಖಾಜಾ ಭಾಯಿಯ ಯಂತ್ರ ಕೆಟ್ಟು ಸಿಲಿಂಡರ್‌ಗಳಲ್ಲಿ ಅರ್ಧದಷ್ಟೇ ಗಾಳಿ ತುಂಬಿತ್ತು. ಮುಂದಿನ ವಾರ ಬರೋಣ ಅಂತ ಅವರು ದಾರಿಯುದ್ದಕ್ಕೂ ಹೇಳಿದರು. ಮುಂದಿನ ವಾರ ಹಬ್ಬ, ಅದರ ಮುಂದಿನ ವಾರ ಪ್ರದರ್ಶನ ಅಂದೆ. ಇಪ್ಪತ್ತು ನಿಮಿಷ ಸಾಕು ಎಂದು ಒಪ್ಪಿಸಿದೆ.

ಜಲಾಶಯದ ದಂಡೆಯಲ್ಲಿ ಮೀನು ಹಿಡಿಯುವ ಒಬ್ಬ ಹೆಂಗಸು ಹರಿಗೋಲಿನಲ್ಲಿ ಕುಳಿತಿದ್ದಳು. ಐವತ್ತೈದು ದಾಟಿದ ವಯಸ್ಸು, ಬಿಸಿಲಿಗೆ ಸುಟ್ಟ ತೆಳ್ಳನೆಯ ಮೈ. ಇಡೀ ವರ್ಷ ಪ್ರತಿ ಬಾರಿಯೂ ಅವಳನ್ನು ನೋಡಿದ್ದೆ. ಅವಳು ನಮ್ಮನ್ನು ನೋಡುತ್ತಿದ್ದಳು, ನಾನು ಒಮ್ಮೆ ತಲೆ ಆಡಿಸಿ ಮುಂದೆ ಹೋಗುತ್ತಿದ್ದೆ. ಅವಳ ಹೆಸರು ಕೇಳಿರಲಿಲ್ಲ. ಅವತ್ತು ಅವಳೇ ಹುಟ್ಟು ಹಾಕುತ್ತ ನಮ್ಮ ಹತ್ತಿರ ಬಂದಳು.

"ಇವತ್ತ ಇಳೀಬ್ಯಾಡ್ರಿ ಮೇಡಂ. ನೀರು ತಿರುಗ್ಯಾವ. ಮೀನು ಬಾಯಿ ಬಿಡಾಕತ್ತಾವ ನೋಡ್ರಿ."

ನೋಡಿದೆ. ದಂಡೆಯುದ್ದಕ್ಕೂ ಸಣ್ಣ ಮೀನುಗಳು ನೀರಿನ ಮೇಲ್ಗಡೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಬೆಳ್ಳಕ್ಕಿಗಳು ಸಾಲಾಗಿ ನಿಂತು ಸುಮ್ಮನೆ ಹೆಕ್ಕುತ್ತಿದ್ದವು. ಗಾಳಿಯಲ್ಲಿ ಕೊಳೆತ ತತ್ತಿಯ ವಾಸನೆ ಇತ್ತು. ಗಾಳಿಗೆ ತನ್ನ ಬಲೆ ಕಲ್ಲಿನ ಸಮೇತ ಸರಿದು ಎಲ್ಲಿ ಹೋಗಿದೆಯೋ ಗೊತ್ತಿಲ್ಲ, ಅದನ್ನೇ ಹುಡುಕುತ್ತಿದ್ದೇನೆ ಅಂತಲೂ ಅವಳು ಹೇಳಿದಳು. ನಾನು ಹೌದ್ರಿ, ಹೌದ್ರಿ ಅಂದೆ. ನಾವು ಇಳಿದರೆ ಅವಳ ಮೀನು ಬೆದರುತ್ತವೆ, ಅದಕ್ಕೆ ಹೀಗೆ ಹೇಳುತ್ತಾಳೆ ಅಂತ ಖಾಜಾ ಭಾಯಿಯ ಹತ್ತಿರ ಮೆಲ್ಲಗೆ ಅಂದೆ ಕೂಡ.

ಇದನ್ನು ಬರೆಯುವಾಗ ನನ್ನ ಮುಖ ಬಿಸಿಯಾಗುತ್ತಿದೆ. ಯಾಕೆಂದರೆ ಎರಡನೇ ವರ್ಷದ ಮಕ್ಕಳಿಗೆ ಇದೇ ಪಾಠವನ್ನು ನಾನು ಪ್ರತಿ ವರ್ಷ ಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತೇನೆ. ಬೇಸಿಗೆಯಿಂದ ಮೇಲಿನ ಬೆಚ್ಚನೆಯ ನೀರು ಮೇಲೆಯೇ, ಕೆಳಗಿನ ತಣ್ಣನೆಯ ಕೊಳೆತ ನೀರು ಕೆಳಗೇ ಇರುತ್ತದೆ. ಚಳಿ, ಗಾಳಿ ಜೋರಾದಾಗ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತದೆ, ತಳದ ನೀರು ರಾಡಿ ಸಮೇತ ಮೇಲೆ ಬರುತ್ತದೆ, ಮೀನಿಗೆ ಉಸಿರು ಸಾಲುವುದಿಲ್ಲ. ಆ ಹೆಂಗಸು ಎರಡು ಶಬ್ದದಲ್ಲಿ ಹೇಳಿದ್ದು ಅದನ್ನೇ. ಕಣ್ಣ ಮುಂದೆ ಆಗುತ್ತಿದ್ದರೂ ನನಗೆ ಅದು ಪಾಠವಾಗಿ ಕಾಣಲಿಲ್ಲ.

ಇಳಿದೆವು. ತಲೆ ಮುಳುಗಿದ ಮೇಲೆ ಒಂದು ಆಳಿನವರೆಗೆ ಚಹಾ ಬಣ್ಣದ ಬೆಳಕಿತ್ತು. ಅದರ ಕೆಳಗೆ ಕಪ್ಪು. ಟಾರ್ಚ್ ಹಾಕಿದರೆ ಬೆಳಕು ಮುಖದ ಮುಂದೆಯೇ ಬೂದಿಯ ಹಾಗೆ ತೇಲುವ ರಾಡಿಗೆ ಬಡಿದು ಹಿಂದಕ್ಕೆ ಬರುತ್ತಿತ್ತು. ಖಾಜಾ ಭಾಯಿ ನನ್ನ ಕೈ ಹಿಡಿದು ಹೆಬ್ಬೆರಳು ಮೇಲೆ ಮಾಡಿದರು. ಮೇಲೆ ಹೋಗೋಣ ಅಂತ ಅರ್ಥ. ನಾನು ಒಂದು ಬೆರಳು ತೋರಿಸಿದೆ, ಒಂದೇ ನಿಮಿಷ. ತಳದಲ್ಲಿ ಒಂದು ಹಳೆಯ ಜಾಲಿಯ ಕೊರಡಿತ್ತು, ಅದರ ಮೇಲೆ ಹಿಂದಿನ ತಿಂಗಳು ಸಿಹಿನೀರಿನ ಸ್ಪಂಜು ಎಂಬ ಜೀವಿ ಕಂಡಿದ್ದೆ. ಒಂದು ಫೋಟೋ ಸಾಕಿತ್ತು. ಕೈ ಬಿಡಿಸಿಕೊಂಡು ಎರಡು ಸಲ ಕಾಲು ಬಡಿದೆ.

ಮೊದಲು ಕುತ್ತಿಗೆಯ ಹಿಂದೆ ಯಾರೋ ಹಿಡಿದ ಹಾಗಾಯಿತು. ಖಾಜಾ ಭಾಯಿಯೇ ನನ್ನನ್ನು ತಡೆದರು ಅಂದುಕೊಂಡು ತಿರುಗಿದೆ. ತಿರುಗಿದ್ದೇ ತಪ್ಪಾಯಿತು. ತೆಳುವಾದ ನೈಲಾನ್ ಎಳೆಗಳು ಮಾಸ್ಕಿನ ಮೇಲೆ, ಕೈಯ ಮೇಲೆ, ಎದೆಯ ಮೇಲೆ ಬಿಗಿದವು. ಕಾಲು ಎಳೆದೆ, ಈಜಲು ತೊಟ್ಟ ರಬ್ಬರಿನ ರೆಕ್ಕೆಯ ಬಕಲ್ಲಿಗೂ ಸಿಕ್ಕಿತು. ಬಲೆ. ಗಾಳಿಗೆ ಸರಿದು ಬಂದಿದ್ದ ಬಲೆ ಗೋಡೆಯ ಹಾಗೆ ಅಲ್ಲಿ ನಿಂತಿತ್ತು. ಒದ್ದಾಡಿದಷ್ಟೂ ಅದು ಸಿಲಿಂಡರಿನ ತಲೆಗೆ ಸುತ್ತಿಕೊಂಡಿತು. ಒಂದು ಎಳೆತಕ್ಕೆ ಬಾಯಿಯ ಉಸಿರಿನ ನಳಿಕೆ ಅರ್ಧ ಹೊರಗೆ ಬಂತು. ತುಟಿಯ ಸಂದಿಯಿಂದ ಕಹಿ ಕೆಸರು ನೀರು ಬಾಯೊಳಗೆ ಬಂತು. ಹಲ್ಲು ಕಚ್ಚಿ ಹಿಡಿದೆ.

ಖಾಜಾ ಭಾಯಿ ಕಲಿಸಿದ್ದು ನೆನಪಾಯಿತು. ಸಿಕ್ಕಿಕೊಂಡರೆ ಮೊದಲು ನಿಲ್ಲಬೇಕು, ಆಮೇಲೆ ಉಸಿರಾಡಬೇಕು, ಆಮೇಲೆ ಯೋಚಿಸಬೇಕು, ಕೈ ಆಡಿಸುವುದು ಕೊನೆಗೆ. ನಿಂತೆ. ಬಲಗಾಲಿನ ಮೀನಖಂಡಕ್ಕೆ ಚಾಕು ಕಟ್ಟಿಕೊಂಡಿದ್ದೆ. ಬಲಗೈ ಮೊಣಕೈವರೆಗೆ ಬಲೆಯೊಳಗಿತ್ತು. ಎಡಗೈ ಹೇಗೋ ಕೆಳಗೆ ಇಳಿಸಿದೆ, ಬೆರಳ ತುದಿಯಲ್ಲಿ ಚಾಕಿನ ಹಿಡಿಕೆ ಸಿಕ್ಕಿತು. ಎಳೆದೆ. ಬಂತು. ಅಷ್ಟರಲ್ಲಿ ನನ್ನ ಕಿವಿಯ ಹತ್ತಿರ ಏನೋ ದೊಡ್ಡದು ಫಟಫಟ ಬಡಿದುಕೊಂಡಿತು. ಬೆಚ್ಚಿ ಬೆರಳು ಸಡಿಲವಾಯಿತು. ಚಾಕು ಕೆಳಗೆ ಹೋಯಿತು. ಬಡಿದುಕೊಂಡಿದ್ದು ಒಂದು ಕಾಟ್ಲಾ ಮೀನು, ನನ್ನ ಹಾಗೆಯೇ ಅದೇ ಬಲೆಗೆ ಸಿಕ್ಕಿದ್ದು. ಅದು ಸುಮ್ಮನಾಗುವುದು, ಮತ್ತೆ ನನ್ನ ಭುಜಕ್ಕೆ ಬಡಿದುಕೊಳ್ಳುವುದು. ಪ್ರತಿ ಸಲ ಅದು ಎಳೆದಾಗ ನನ್ನ ಬಾಯಿಯ ನಳಿಕೆಯೂ ಎಳೆಯುತ್ತಿತ್ತು.

ಕತ್ತಲಲ್ಲಿ ಹೊಳೆಯುವ ಅಂಕಿಗಳ ಗಾಳಿಯ ಮಾಪಕವನ್ನು ಮಾಸ್ಕಿಗೆ ಒತ್ತಿ ಹಿಡಿದು ನೋಡಿದೆ. ಅರವತ್ತು. ಇಳಿಯುವಾಗ ನೂರಾ ಹತ್ತಿತ್ತು. ಖಾಜಾ ಭಾಯಿ ಹುಡುಕಿಕೊಂಡು ಬರುತ್ತಾರೆ ಅಂತ ಕಾದೆ. ಆಮೇಲೆ ಅವರು ಹೇಳಿದ್ದು: ಅವರು ನಾನಿದ್ದ ಜಾಗದ ಸುತ್ತ ಕೈಯಾಡಿಸಿ ಹುಡುಕಿ, ಸಿಗದೆ, ಮೇಲೆ ಬಂದಿರಬೇಕೆಂದು ಮೇಲೆ ಹೋಗಿ ನೋಡಿದರಂತೆ. ನಾನಿರಲಿಲ್ಲ. ಗಾಳಿಯ ಅಲೆಯಲ್ಲಿ ನನ್ನ ಉಸಿರಿನ ಗುಳ್ಳೆ ಕೂಡ ಕಾಣಲಿಲ್ಲವಂತೆ. ಎರಡು ಸಲ ಇಳಿದರು, ಎರಡು ಸಲವೂ ತಮ್ಮ ಕೈ ತಮಗೇ ಕಾಣದೆ ಬೇರೆ ಕಡೆ ಹೋದರು. ಅವರು ಒಂದು ಸಲ ನನ್ನಿಂದ ನಾಲ್ಕು ಮೊಳ ದೂರದಲ್ಲೇ ಇದ್ದಿರಬಹುದು. ಇಬ್ಬರಿಗೂ ಗೊತ್ತಾಗಲಿಲ್ಲ.

ನಾನು ಕೂಗಿದೆ. ನೀರಿನೊಳಗೆ, ನಳಿಕೆ ಬಾಯಲ್ಲಿಟ್ಟುಕೊಂಡು ಕೂಗಿದರೆ ಮೂಗಿನಲ್ಲಿ ಗುಂಯ್ ಅನ್ನುವ ಸದ್ದು ಬರುತ್ತದೆ, ಅಷ್ಟೇ. ಕೂಗಿದ್ದಕ್ಕೆ ಗಾಳಿ ಖರ್ಚಾಯಿತು ಅಂತ ಹೊಳೆದು ನಿಲ್ಲಿಸಿದೆ. ಮಾಪಕ ನಲವತ್ತೈದು. ಅವ್ವ ನೆನಪಾದಳು. ಅವಳಿಗೆ ಹೇಳದೆ ಬಂದಿದ್ದೆ, ಯಾದಗಿರಿಗೆ ಮೌಲ್ಯಮಾಪನಕ್ಕೆ ಹೋಗುತ್ತೇನೆ ಅಂದಿದ್ದೆ. ನಾನು ಸತ್ತರೆ ಮೊದಲು ಅವಳಿಗೆ ಸುಳ್ಳು ಗೊತ್ತಾಗುತ್ತದೆ, ಸಾವು ಆಮೇಲೆ. ಹಾಗೆ ಯೋಚಿಸಿದ್ದು ಚೆನ್ನಾಗಿ ನೆನಪಿದೆ.

ಆಗ ಬಲೆ ಮೇಲಕ್ಕೆ ಎಳೆಯಿತು.

ಮೀನು ಎಳೆದ ಹಾಗಲ್ಲ. ಇಡೀ ಬಲೆಯೇ ಎದ್ದಿತು. ನನ್ನ ಕುತ್ತಿಗೆ ಹಿಂದಕ್ಕೆ ಬಾಗಿತು, ಎದೆಯ ಮೇಲಿನ ಎಳೆಗಳು ಕೊಯ್ಯುವಷ್ಟು ಬಿಗಿಯಾದವು. ಮತ್ತೆ ಸಡಿಲವಾಯಿತು. ಮತ್ತೆ ಎಳೆಯಿತು. ಎರಡನೆಯ ಸಲ ಎಳೆದಾಗ ನನಗೆ ಹೊಳೆಯಿತು, ಮೇಲೆ ಯಾರೋ ಇದ್ದಾರೆ. ಆ ಹೆಂಗಸು ತನ್ನ ಬಲೆ ಹುಡುಕುತ್ತಿದ್ದಳಲ್ಲ, ಅವಳಿಗೆ ಅದರ ದಾರ ಸಿಕ್ಕಿದೆ. ಇನ್ನೊಮ್ಮೆ ಎಳೆದರೆ ನಳಿಕೆ ಬಾಯಿಂದ ಕಿತ್ತು ಹೋಗುತ್ತದೆ. ಅವಳು ದಾರ ಬಿಟ್ಟು ಹೋದರೂ ನನ್ನ ಜೀವ ಹೋಗುತ್ತದೆ. ಬಲಗೈ ಬಲೆಯಲ್ಲೇ ಇತ್ತಲ್ಲ, ಆ ಕೈಯಿಂದಲೇ ಮುಷ್ಟಿ ತುಂಬ ಬಲೆ ಹಿಡಿದು ಕೆಳಗೆ ಜಗ್ಗಿದೆ. ಒಂದು, ಎರಡು, ಮೂರು. ನಿಂತೆ. ಮತ್ತೆ ಒಂದು, ಎರಡು, ಮೂರು.

ಮೇಲಿನ ಎಳೆತ ನಿಂತಿತು. ಏನೂ ಆಗಲಿಲ್ಲ. ಕಾಟ್ಲಾ ಕೂಡ ಸುಮ್ಮನಾಗಿತ್ತು. ನನ್ನ ಉಸಿರಿನ ಸದ್ದು ಮಾತ್ರ.

ಆಮೇಲೆ ಒಂದು ಕೈ ನನ್ನ ತಲೆಯ ಮೇಲೆ ಬಂತು. ಬರಿಗೈ. ಒರಟಾದ ಬೆರಳುಗಳು ಹಣೆ, ಮಾಸ್ಕು, ಕೆನ್ನೆ ಸವರುತ್ತ ಕೆಳಗೆ ಬಂದು ಬಾಯಿಯ ನಳಿಕೆಯ ಹತ್ತಿರ ನಿಂತವು. ಗುಳ್ಳೆ ಬರುತ್ತಿದೆಯೇ ಅಂತ ನೋಡಿದಳು ಅನಿಸುತ್ತದೆ. ನಾನು ಉಸಿರು ಬಿಟ್ಟೆ. ಆ ಕೈ ನನ್ನ ಕೆನ್ನೆಯನ್ನು ಎರಡು ಸಲ ತಟ್ಟಿತು. ಮತ್ತೆ ಇಲ್ಲದಾಯಿತು.

ಅವಳು ಉಸಿರು ತರಲು ಮೇಲೆ ಹೋದಳು ಅಂತ ಬುದ್ಧಿಗೆ ಗೊತ್ತು. ಮೈಗೆ ಗೊತ್ತಾಗಲಿಲ್ಲ. ಅದುವರೆಗೆ ಅಳದಿದ್ದವಳು ಆಗ ಅತ್ತೆ. ಮಾಪಕ ನೋಡಬಾರದು ಅಂದುಕೊಂಡು ನೋಡಿದೆ, ಮೂವತ್ತು.

ಮೇಲೆ ಆದದ್ದನ್ನು ಖಾಜಾ ಭಾಯಿ ಆಮೇಲೆ ಹೇಳಿದರು. ಅವರು ತಾವೇ ಬಲೆ ಹಿಡಿದು ಇಳಿಯುತ್ತೇನೆ ಅಂತ ಹೊರಟರಂತೆ. ಅವಳು ಅವರ ರಟ್ಟೆ ಹಿಡಿದು ನಿಲ್ಲಿಸಿದಳು.

"ನಿನ್ನ ಬೆನ್ನಾಗಿನ ಡಬ್ಬಿ ಸುದ್ದಾ ಸಿಕ್ಕೊಂತದ. ನೀ ಇಲ್ಲೇ ಕುಂತು ದಾರ ಬಿಗಿ ಹಿಡಿ. ಜಗ್ಗಬ್ಯಾಡ, ಬಿಡಬ್ಯಾಡ."

ಹದಿನೈದು ವರ್ಷ ಸಮುದ್ರದಲ್ಲಿ ದುಡಿದ ಮನುಷ್ಯ ಅವಳ ಮಾತು ಕೇಳಿ ಹರಿಗೋಲಿನಲ್ಲಿ ಮಂಡಿಯೂರಿ ದಾರ ಹಿಡಿದು ಕುಳಿತರು. ಅವಳು ಸೀರೆಯನ್ನು ಕಚ್ಚೆ ಬಿಗಿದು, ಮೀನು ಕೊಯ್ಯುವ ಚೂರಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಆ ದಾರದ ಮೇಲೆ ಕೈ ಮೇಲೆ ಕೈ ಇಡುತ್ತ ಮತ್ತೆ ಇಳಿದಳು.

ಎರಡನೆಯ ಸಲ ಬಂದವಳು ನೇರವಾಗಿ ನನ್ನ ಕುತ್ತಿಗೆಯ ಹಿಂದೆ ಕೈ ಹಾಕಿದಳು. ಬಲೆ ಕತ್ತರಿಸುವ ಕರ್ ಕರ್ ಸದ್ದು ಸಿಲಿಂಡರಿನಿಂದ ನನ್ನ ಬೆನ್ನೆಲುಬಿಗೆ ಬಂತು. ತಲೆ ಬಿಡುಗಡೆಯಾಯಿತು. ನಾನು ಆತುರಕ್ಕೆ ಮೇಲೆ ಹೋಗಲು ಕಾಲು ಬಡಿಯಹೋದೆ. ಅವಳು ನನ್ನ ತಲೆಯನ್ನು ಗಟ್ಟಿಯಾಗಿ ಕೆಳಗೆ ಒತ್ತಿದಳು. ಅರ್ಥವಾಯಿತು. ಸುಮ್ಮನಾದೆ. ಬಲಗೈ ಬಿಡಿಸಿದಳು. ಮತ್ತೆ ಹೋದಳು.

ಈ ಸಲ ಬಹಳ ಹೊತ್ತಾಯಿತು. ಅಥವಾ ನನಗೆ ಹಾಗೆ ಅನಿಸಿತು. ಪ್ರತಿ ಉಸಿರೂ ಸ್ವಲ್ಪ ಬಿಗಿಯಾಗಿ ಬರತೊಡಗಿತ್ತು, ದಪ್ಪನೆಯ ಲಸ್ಸಿಯನ್ನು ಸಣ್ಣ ನಳಿಕೆಯಿಂದ ಎಳೆದ ಹಾಗೆ. ಮಾಪಕ ಹದಿನೈದರ ಹತ್ತಿರ ನಡುಗುತ್ತಿತ್ತು. ಕಾಲಿನ ರೆಕ್ಕೆಗಳನ್ನು ನಾನೇ ಕಳಚಬೇಕೆಂದು ಬಾಗಿದೆ. ಒಂದು ಬಂತು. ಇನ್ನೊಂದರ ಬಕಲ್ಲು ಬಲೆಯ ಗಂಟಿನೊಳಗೇ ಹೂತಿತ್ತು. ಅಷ್ಟರಲ್ಲಿ ಕೈಯೊಂದು ನನ್ನ ತೊಡೆ ಹಿಡಿಯಿತು, ಮಂಡಿಗೆ ಇಳಿಯಿತು, ಪಾದಕ್ಕೆ ಬಂತು. ಚೂರಿಯ ತುದಿ ಕಾಲಿಗೆ ಚುಚ್ಚಿದ್ದು ಗೊತ್ತಾಯಿತು, ನೋವಾಗಲಿಲ್ಲ. ಕಾಲು ಹಗುರಾಯಿತು. ಅವಳು ನನ್ನ ಸೊಂಟದ ಪಟ್ಟಿ ಹಿಡಿದು ಮೇಲಕ್ಕೆ ನೂಕಿದಳು.

ಕಪ್ಪು ಹೋಗಿ ಚಹಾ ಬಣ್ಣ ಬಂತು, ಚಹಾ ಬಣ್ಣ ಹೋಗಿ ಬಿಳಿ ಬಂತು. ಖಾಜಾ ಭಾಯಿ ಹರಿಗೋಲಿನಿಂದ ಬಾಗಿ ನನ್ನ ರಟ್ಟೆ ಹಿಡಿದರು. ನಳಿಕೆ ಉಗುಳಿ ಉಸಿರೆಳೆದೆ. ಕೊಳೆತ ತತ್ತಿಯ ವಾಸನೆಯ ಗಾಳಿ. ಅದಕ್ಕಿಂತ ಒಳ್ಳೆಯ ಗಾಳಿಯನ್ನು ನಾನು ಜೀವಮಾನದಲ್ಲಿ ಕುಡಿದಿಲ್ಲ.

ಅವಳು ನನ್ನ ಹಿಂದೆಯೇ ಮೇಲೆ ಬಂದಳು. ಹರಿಗೋಲಿನ ಅಂಚು ಹಿಡಿದು ಕೆಮ್ಮುತ್ತಿದ್ದಳು. ಮೂಗಿನಿಂದ ರಕ್ತ ಸೋರುತ್ತಿತ್ತು. ಒಂದು ಕಿವಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು. ಮೂರು ಸಲ ಮೂರಾಳು ಆಳಕ್ಕೆ, ಅಷ್ಟು ಬೇಗ ಬೇಗ ಇಳಿದದ್ದಕ್ಕೆ ಕಿವಿಯ ತಮಟೆ ಹರಿದಿತ್ತು. ಅದು ನಮಗೆ ಗೊತ್ತಾದದ್ದು ಮಧ್ಯಾಹ್ನ, ಯಾದಗಿರಿಯ ಆಸ್ಪತ್ರೆಯಲ್ಲಿ. ದಂಡೆಗೆ ಬಂದ ಮೇಲೆ ಅವಳು ಹರಿಗೋಲಿನಲ್ಲಿದ್ದ ತನ್ನ ಕೌದಿ ತಂದು ನನಗೆ ಹೊದಿಸಿದಳು. ನಾನು ಆ ಕೌದಿಯ ಮೇಲೆಯೇ ವಾಂತಿ ಮಾಡಿಕೊಂಡೆ. ಖಾಜಾ ಭಾಯಿ ಸ್ವಲ್ಪ ದೂರ ಹೋಗಿ ಏರಿಯ ಕಲ್ಲಿನ ಮೇಲೆ ನಮಗೆ ಬೆನ್ನು ಮಾಡಿ ಕುಳಿತರು. ಅವರ ಹೆಗಲು ಅಲುಗುತ್ತಿತ್ತು.

ಹಲ್ಲು ಕಟಕಟ ಅನ್ನುತ್ತಿದ್ದರೂ ನಾನು ಆಗ ಅವಳ ಹೆಸರು ಕೇಳಿದೆ. ಸಾಬಮ್ಮ ಅಂದಳು. ಕೆಳಗೆ ನಾನಿದ್ದೇನೆ ಅಂತ ಹೇಗೆ ತಿಳಿಯಿತು ಅಂತ ಕೇಳಿದೆ.

"ಮೀನು ಎಣಿಸಿ ಜಗ್ಗಂಗಿಲ್ರಿ" ಅಂದಳು.

ಮನೆಗೆ ಬಂದ ಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಐದನೆಯ ದಿನ ಹಬ್ಬಕ್ಕೆ ಮಾಡಿದ ಸಜ್ಜೆ ಕಡುಬು, ಭಜ್ಜಿ ಪಲ್ಯ ಬುತ್ತಿ ಕಟ್ಟಿ, ಆ ಹೆಣ್ಣುಮಗಳ ಮನೆಗೆ ನಡಿ ಅಂದಳು. ಇಬ್ಬರೂ ಹೋದೆವು. ಸಾಬಮ್ಮ ಕಿವಿಗೆ ಅರಳೆ ಇಟ್ಟುಕೊಂಡು ಮನೆಯ ಮುಂದೆ ಕುಳಿತು ಆ ಬಲೆಯನ್ನೇ ಹರಡಿಕೊಂಡಿದ್ದಳು. ಅದರ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ದೊಡ್ಡ ತೂತು. ಹೊಸ ಬಲೆ ಕೊಡಿಸುತ್ತೇನೆ ಅಂದೆ. ಬೇಡ, ಇದು ಕೈಗೆ ಹೊಂದಿದೆ, ಹೊಸದು ನನ್ನ ಮಾತು ಕೇಳುವುದಿಲ್ಲ ಅಂದಳು. ಹಾಗಾದರೆ ಹೊಲಿಯುವುದನ್ನಾದರೂ ಕಲಿಸಿ ಅಂದೆ. ಬಿದಿರಿನ ಸೂಜಿಗೆ ದಾರ ಸುತ್ತಿ ಕೈಗೆ ಕೊಟ್ಟಳು. ಆರು ಭಾನುವಾರ ಹೋಗಿ ಅವಳ ಪಕ್ಕ ಕುಳಿತೆ. ನನ್ನ ಗಂಟುಗಳನ್ನು ಅವಳು ಬೆರಳಲ್ಲಿ ಮುಟ್ಟಿ ನೋಡಿ ಅರ್ಧಕ್ಕರ್ಧ ಬಿಚ್ಚಿ ಮತ್ತೆ ಹಾಕಿಸುತ್ತಿದ್ದಳು. ಮಾತು ಕಡಿಮೆ. ಕಿವಿ ಮಾಗಿತು, ಆದರೆ ಆ ಕಡೆಯಿಂದ ಕರೆದರೆ ಈಗಲೂ ಅವಳಿಗೆ ಸ್ವಲ್ಪ ತಡವಾಗಿ ಕೇಳುತ್ತದೆ.

ಆರನೆಯ ಭಾನುವಾರ ತೂತು ಮುಚ್ಚಿತು. ಆಗ ನಾನು ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿದೆ. ಅವತ್ತು ನಾನು ನಿಮ್ಮ ಮಾತು ಕೇಳಲಿಲ್ಲ, ಒಂದು ವರ್ಷ ನಿಮ್ಮ ಮುಂದೆ ಓಡಾಡಿದರೂ ಹೆಸರು ಕೇಳಲಿಲ್ಲ, ಆ ಕಪ್ಪು ನೀರಿಗೆ ನನಗಾಗಿ ಯಾಕೆ ಇಳಿದಿರಿ, ನೀವೇ ಸಿಕ್ಕಿಕೊಂಡಿದ್ದರೆ ಏನು ಗತಿ ಅಂದೆ.

ಅವಳಿಗೆ ಪ್ರಶ್ನೆಯೇ ವಿಚಿತ್ರ ಅನಿಸಿತು. ಸೂಜಿ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಬಲಿ ನಂದಽ ಇತ್ತಲ್ರಿ. ನನ್ನ ಬಲ್ಯಾಗ ಸಿಕ್ಕದ್ದು ನಾನಽ ಬಿಡಿಸ್ಬೇಕಲ್ಲ."

ತಪ್ಪು ನನ್ನದು, ಬಲೆಯದಲ್ಲ ಅಂತ ಹೇಳಬೇಕೆಂದುಕೊಂಡೆ. ಅವಳಾಗಲೇ ಬಲೆ ಮಡಚಲು ಶುರು ಮಾಡಿದ್ದಳು, ಒಂದು ತುದಿ ನನ್ನ ಕೈಗೆ ಕೊಟ್ಟಳು.

ಪ್ರದರ್ಶನದ ಗೋಡೆಯಲ್ಲಿ ಹನ್ನೆರಡನೆಯ ಜಾಗದಲ್ಲಿ ಕಪ್ಪು ಕಾಗದ ಹಚ್ಚಿ, ನೀರು ತಿರುಗಿದ ದಿನ ತಳದಲ್ಲಿ ಕಾಣುವುದು ಇಷ್ಟೇ ಅಂತ ಬರೆದೆ. ಮಕ್ಕಳು ಅದನ್ನೇ ಹೆಚ್ಚು ಹೊತ್ತು ನಿಂತು ನೋಡಿದರು.

ಅದಾದ ಮೇಲೆ ಹತ್ತು ತಿಂಗಳು ನಾನು ನೀರಿಗೆ ಇಳಿಯಲಿಲ್ಲ. ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣು ಮುಚ್ಚಲೂ ಹೆದರುತ್ತಿದ್ದೆ. ಖಾಜಾ ಭಾಯಿ ಒಂದು ದಿನವೂ ಒತ್ತಾಯ ಮಾಡಲಿಲ್ಲ. ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಸಾಬಮ್ಮನೇ ಫೋನ್ ಮಾಡಿಸಿ, ನೀರು ತಿಳಿಯಾಗಿವೆ, ಬರ್ರಿ ಅಂದಳು. ಹೋದೆ. ಸಿಲಿಂಡರ್ ಕಟ್ಟಿಕೊಂಡು ದಂಡೆಯಲ್ಲಿ ನಿಂತವಳು ಮಾಪಕವನ್ನು ಮೂರು ಸಲ ನೋಡಿದೆ. ಸಾಬಮ್ಮ ಒಂದು ಉದ್ದನೆಯ ಹಗ್ಗ ತಂದು ನನ್ನ ಸೊಂಟಕ್ಕೆ ಕಟ್ಟಿ, ಗಂಟನ್ನು ಎರಡು ಸಲ ಎಳೆದು ನೋಡಿ, ಇನ್ನೊಂದು ತುದಿ ಹಿಡಿದು ಹರಿಗೋಲಿನಲ್ಲಿ ಕುಳಿತಳು. ಖಾಜಾ ಭಾಯಿ ನನ್ನ ಪಕ್ಕದಲ್ಲೇ ಇಳಿದರು.

ನಲವತ್ತು ನಿಮಿಷ ಕೆಳಗಿದ್ದೆ. ಮೇಲೆ ಬಂದು ನೋಡಿದರೆ ಅವಳು ಕುಳಿತಲ್ಲೇ ಇದ್ದಳು. ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು, ಸೆರಗು ಕೂಡ ಸರಿಮಾಡಿಕೊಂಡಿರಲಿಲ್ಲ. ಹಗ್ಗ ಬಿಚ್ಚುವಾಗ ಅವಳ ಅಂಗೈ ಕಂಡಿತು. ಅಡ್ಡಲಾಗಿ ಕೆಂಪನೆಯ ಗೆರೆ ಎದ್ದಿತ್ತು. ಅಷ್ಟೂ ಹೊತ್ತು ಅವಳು ಒಂದು ಕ್ಷಣವೂ ಹಗ್ಗ ಕೆಳಗಿಟ್ಟಿರಲಿಲ್ಲ.

ಅವತ್ತು ನೀರಿನ ಕೆಳಗೆ ಏನೇನು ನೋಡಿದೆ ಅಂತ ಈಗ ಕೇಳಿದರೆ ನಾನು ಬರೆದಿಟ್ಟದ್ದನ್ನು ತೆಗೆದು ನೋಡಿಯೇ ಹೇಳಬೇಕು. ಸೊಂಟದ ಹತ್ತಿರ ಆ ಹಗ್ಗ ಆಗಾಗ ಮೆಲ್ಲಗೆ ಬಿಗಿಯಾಗುತ್ತಿದ್ದುದು ಮಾತ್ರ ನೋಡದೆಯೇ ನೆನಪಿದೆ.